ಬಿಪಿ ಸರಿಯಾಗಿತ್ತು, ಕಾಲು ತಣ್ಣಗಿತ್ತು

ಜೇವರ್ಗಿಯವಳು · ರಾತ್ರಿ 11:40

ಕಲಬುರಗಿಯಲ್ಲಿ ಎಂಎಸ್ಸಿ ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಶಾಕ್, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ, ಅದರ ಹಂತಗಳನ್ನು ವಿವರಿಸಿ ಎಂದು ಪ್ರಶ್ನೆ ಬಂದರೆ ಚಿತ್ರ ಸಮೇತ ನಾಲ್ಕು ಪುಟ ಬರೆಯುತ್ತೇನೆ. ಕಳೆದ ವಾರ ಅದೇ ಶಾಕ್ ನನ್ನ ಮುಂದೆ ಮಂಚದ ಮೇಲೆ ಮಲಗಿತ್ತು, ನನಗೆ ಗುರುತು ಸಿಗಲಿಲ್ಲ.

ಹತ್ತೊಂಬತ್ತರ ಹುಡುಗ, ಡೆಂಗಿ, ಜ್ವರದ ಐದನೆಯ ದಿನ. ಸಂಜೆ ಜ್ವರ ಬಿಟ್ಟಿತು. ಅವನ ತಾಯಿ ದರ್ಗಾದ ಕಡೆ ಮುಖ ಮಾಡಿ ಕೈಮುಗಿದರು, ಶರಣಬಸಪ್ಪನಿಗೂ ಒಂದು ತೆಂಗಿನಕಾಯಿ ಹೇಳಿಕೊಂಡರು. ನಾನು ಬರೆದ ಅಂಕಿಗಳು: ಉಷ್ಣತೆ 98.8, ನಾಡಿ 118, ಬಿಪಿ 100/84. ಕೆಳಗೆ 'ರೋಗಿ ಸ್ಥಿರ' ಎಂದು ಸಹಿ ಹಾಕಿದೆ. ಹತ್ತು ನಿಮಿಷದ ನಂತರ ಹಿರಿಯ ಸಿಸ್ಟರ್ ಬಂದರು. ಪಟ್ಟಿಯನ್ನು ಓದಲೂ ಇಲ್ಲ, ಹೊದಿಕೆ ಸರಿಸಿ ಅವನ ಪಾದ ಹಿಡಿದರು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು ಮನಸ್ಸಿನಲ್ಲೇ ಎಣಿಸಿದರು. ನಾಲ್ಕು ಎಣಿಸಿದ ಮೇಲೆ ಬಣ್ಣ ಮರಳಿತು. ಡಾಕ್ಟರನ್ನು ಕರೆಸಿದರು, ದ್ರವ ಶುರುವಾಯಿತು. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಬೆಳಿಗ್ಗೆ 39 ಇದ್ದದ್ದು 47 ಆಗಿತ್ತು. ಹುಡುಗ ಉಳಿದ, ಮನೆಗೆ ಹೋದ.

ಸಿಸ್ಟರ್ ನನ್ನನ್ನು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿದೆ. ನನ್ನ ಪ್ರಶ್ನೆ ಇಷ್ಟೆ. ಓದಿದ್ದು ಕೈಗೆ ಇಳಿಯುವುದು ಹೇಗೆ?

ಹಳೆಯ ಸಿಸ್ಟರ್ · ರಾತ್ರಿ 12:05

ನಾನು ಮೂವತ್ತು ವರ್ಷ ವಾರ್ಡಿನಲ್ಲಿ ಕಳೆದವಳು, ಈಗ ನಿವೃತ್ತೆ. ಪುಟ್ಟಿ, ನಿನ್ನ ತಪ್ಪು ದೊಡ್ಡದಲ್ಲ, ಸಾಮಾನ್ಯವಾದದ್ದು. ಸಾಮಾನ್ಯವಾದ್ದರಿಂದಲೇ ಅಪಾಯ.

ನಮ್ಮ ಕಡೆ ಮದುವೆಗಳನ್ನು ನೋಡಿದ್ದೀಯಲ್ಲ. ತೊಗರಿ ಕೈಕೊಟ್ಟ ವರ್ಷವೂ ಚಪ್ಪರಕ್ಕೆ ಕೊರತೆ ಇರುವುದಿಲ್ಲ, ಊಟಕ್ಕೆ ಕೊರತೆ ಇರುವುದಿಲ್ಲ. ಅಡತಿ ಅಂಗಡಿಯ ಸಾಲ ಎಷ್ಟೆಂದು ಹಿತ್ತಲಿಗೆ ಹೋಗಿ ಮನೆಯ ಹೆಂಗಸರನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಬಿಪಿ ಎಂದರೆ ಆ ಚಪ್ಪರ. ದೇಹ ಮಿದುಳು, ಹೃದಯಗಳ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಚರ್ಮದಿಂದ, ಕರುಳಿನಿಂದ, ಮೂತ್ರಪಿಂಡದಿಂದ ಸಾಲ ಎತ್ತುತ್ತದೆ. ಬಿಪಿ ಎಷ್ಟಿದೆ ಎನ್ನುವುದರ ಜೊತೆಗೆ ಆ ಬಿಪಿಗೆ ದುಡ್ಡು ಕೊಡುತ್ತಿರುವವರು ಯಾರು ಎಂದೂ ಕೇಳು. ಕಾಲು ತಣ್ಣಗಿದ್ದರೆ ಚರ್ಮ ಕೊಟ್ಟಿದೆ. ಮೂತ್ರ ಕಡಿಮೆಯಾಗಿದ್ದರೆ ಮೂತ್ರಪಿಂಡ ಕೊಟ್ಟಿದೆ. ಹುಡುಗ ಸುಮ್ಮನೆ ಗೋಡೆ ನೋಡುತ್ತ ಮಲಗಿದ್ದರೆ ಸಾಲ ಮಿದುಳಿನ ಬಾಗಿಲಿಗೆ ಬಂದಿದೆ.

ನಿನ್ನ 100/84ನ್ನು ಇನ್ನೊಮ್ಮೆ ನೋಡು. ಮೇಲಿನದರಲ್ಲಿ ಕೆಳಗಿನದನ್ನು ಕಳೆ. 16.

ಪಾಠದ ಮೇಷ್ಟ್ರು · ರಾತ್ರಿ 12:30

ಸಿಸ್ಟರ್ ಹೇಳಿದ 16ರ ಒಳಗೆ ಇಡೀ ಅಧ್ಯಾಯವಿದೆ. ಶರೀರಕ್ರಿಯಾಶಾಸ್ತ್ರ ಕಲಿಸುವವನು ನಾನು, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಡೆಂಗಿಯಲ್ಲಿ ರಕ್ತನಾಳದ ಒಳಪದರ ಜರಡಿಯಾಗುತ್ತದೆ. ರಕ್ತಕಣಗಳು ಒಳಗೇ ಉಳಿಯುತ್ತವೆ, ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ, ಹೊರಗೆ ಸೋರುತ್ತದೆ. ಹೊಟ್ಟೆಗೆ, ಶ್ವಾಸಕೋಶದ ಸುತ್ತಲಿನ ಪೊರೆಗೆ. ಹೀಗಾಗಿ ಒಂದು ಹನಿ ರಕ್ತ ನೆಲಕ್ಕೆ ಬೀಳದೆಯೂ ರೋಗಿ ರಕ್ತ ಕಳೆದುಕೊಂಡವನಂತಾಗುತ್ತಾನೆ. ಉಳಿದ ರಕ್ತ ಗಟ್ಟಿಯಾಗುತ್ತದೆ, ಹಿಮಟೋಕ್ರಿಟ್ ಏರುತ್ತದೆ. 39ರಿಂದ 47 ಎಂದರೆ ಶೇಕಡಾ 20ರಷ್ಟು ಏರಿಕೆ. ಸೋರಿಕೆ ಗಣನೀಯ ಎನ್ನಲು ಅಷ್ಟು ಸಾಕು.

ಹೃದಯಕ್ಕೆ ಮರಳುವ ರಕ್ತ ಕಡಿಮೆಯಾದರೆ ಪ್ರತಿ ಬಡಿತಕ್ಕೆ ಹೊರಬೀಳುವುದೂ ಕಡಿಮೆ, ಆದ್ದರಿಂದ ಮೇಲಿನ ಅಂಕಿ ಇಳಿಯಲು ನೋಡುತ್ತದೆ. ಕುತ್ತಿಗೆಯ ಕೆರೋಟಿಡ್ ಸೈನಸ್ ಮತ್ತು ಮಹಾಪಧಮನಿಯ ಕಮಾನಿನಲ್ಲಿರುವ ಒತ್ತಡಗ್ರಾಹಕಗಳು ಅದನ್ನು ಗ್ರಹಿಸುತ್ತವೆ. ಸಿಂಪಥೆಟಿಕ್ ನರಗಳು ಸಣ್ಣ ಧಮನಿಗಳನ್ನು ಬಿಗಿಯುತ್ತವೆ. ಬಿಗಿದಾಗ ಕೆಳಗಿನ ಅಂಕಿ ಏರುತ್ತದೆ. ಮೇಲಿನದು ಕುಸಿಯುವ ಮೊದಲೇ ಕೆಳಗಿನದು ಮೇಲೆದ್ದು ಅದರ ಹತ್ತಿರ ಹೋಗುತ್ತದೆ. ಎರಡರ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆಯಿತೆಂದರೆ ಡೆಂಗಿಯಲ್ಲಿ ಅದನ್ನು ಶಾಕ್ ಎಂದೇ ಎಣಿಸಬೇಕು, ಮೇಲಿನ ಅಂಕಿ 100 ಇರಲಿ, 110 ಇರಲಿ.

ಇನ್ನು ಜ್ವರ ಬಿಟ್ಟದ್ದು. ಡೆಂಗಿಯ ಗಂಡಾಂತರದ ಹೊತ್ತು ಜ್ವರ ಇಳಿಯುವಾಗಲೇ ಬರುತ್ತದೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಒಂದೆರಡು ದಿನದ ಮಟ್ಟಿಗೆ. ತಾಯಿ ತೆಂಗಿನಕಾಯಿ ಹೇಳಿಕೊಂಡ ಗಳಿಗೆಯಲ್ಲೇ ನೀವು ಹತ್ತಿರ ಹೋಗಿ ನಿಲ್ಲಬೇಕಿತ್ತು.

ಸುರಪುರದ ಸ್ಟಾಫ್ · ಬೆಳಿಗ್ಗೆ 6:50

ಎಲ್ಲ ಸರಿ ಸ್ವಾಮಿ. ಯಾದಗಿರಿ ಜಿಲ್ಲೆಯಲ್ಲಿ ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಬಂದು ಕುಳಿತಿದ್ದೇನೆ. ಇಬ್ಬರು ನರ್ಸುಗಳು, ಮಂಚಗಳು ನಲವತ್ತು, ಮಂಚ ಸಾಲದೆ ನೆಲದ ಮೇಲೆ ಇನ್ನಷ್ಟು. ಒಬ್ಬೊಬ್ಬರ ಕಾಲು ಹಿಡಿದು ನಾಲ್ಕು ಎಣಿಸುತ್ತ ಕೂತರೆ ಔಷಧಿ ಕೊಡುವವರು ಯಾರು? ಪುಸ್ತಕದವರಿಗೆ ಒಬ್ಬ ರೋಗಿ ಇರುತ್ತಾನೆ, ನಮಗೆ ಜಾತ್ರೆ ಇರುತ್ತದೆ.

ಇನ್ನೊಂದು. ನಮ್ಮಲ್ಲಿ ಡೆಂಗಿ ಎಂದ ಕೂಡಲೇ ಜನ ಕೇಳುವುದು ಒಂದೇ: ಪ್ಲೇಟ್‌ಲೆಟ್ ಎಷ್ಟು? ಪಪ್ಪಾಯಿ ಎಲೆಯ ರಸವನ್ನು ಬಾಟಲಿಯಲ್ಲಿ ತುಂಬಿ ತಂದಿರುತ್ತಾರೆ. ಬೇಡವೆಂದರೆ ಜಗಳ.

ಹಳೆಯ ಸಿಸ್ಟರ್ · ಬೆಳಿಗ್ಗೆ 7:15

ಸುರಪುರದವರೇ, ಮೊದಲು ಮಲಗಿ, ಎದ್ದ ಮೇಲೆ ಜಗಳವಾಡೋಣ. ನಲವತ್ತರಲ್ಲಿ ನಲವತ್ತೂ ಜನರ ಕಾಲು ಹಿಡಿಯಲು ನಾನು ಹೇಳಿಲ್ಲ. ಅಂದು ಜ್ವರ ಬಿಟ್ಟ ಡೆಂಗಿಯವರು, ಹೆರಿಗೆಯಾಗಿ ಎರಡು ಗಂಟೆ ದಾಟದವರು, ವಾಂತಿಭೇದಿಯವರು. ಇಂಥವರು ಐದಾರು ಜನ ಇರುತ್ತಾರೆ. ಸಲೈನ್ ನೋಡುವಾಗ ಹೇಗೂ ಪಕ್ಕದಲ್ಲೇ ನಿಂತಿರುತ್ತೀರಿ.

ಪಪ್ಪಾಯಿಯ ಬಗ್ಗೆ: ಪ್ಲೇಟ್‌ಲೆಟ್ ಏರಿದರೂ ಸೋರುವ ನಾಳ ಮುಚ್ಚುವುದಿಲ್ಲ. ಹೆಚ್ಚಿನ ಡೆಂಗಿ ಸಾವುಗಳ ಹಿಂದೆ ಇರುವುದು ಸೋರಿಕೆ ಮತ್ತು ಶಾಕ್. ಪ್ಲೇಟ್‌ಲೆಟ್ ಅಂಕಿ ನೋಡಿ ಹೆದರುವ ಮನೆಯವರಿಗೆ 'ಎಷ್ಟು ಸಲ ಮೂತ್ರಕ್ಕೆ ಹೋದ, ಲೆಕ್ಕ ಇಡಿ' ಎಂದು ಒಂದು ಕೆಲಸ ಕೊಡಿ. ಜಗಳವೂ ನಿಲ್ಲುತ್ತದೆ, ನಿಮಗೊಬ್ಬ ಸಹಾಯಕನೂ ಸಿಗುತ್ತಾನೆ. ಕಹಿ ರಸ ಕುಡಿದು ವಾಂತಿ ಶುರುವಾದರೆ ಮಾತ್ರ ಗೊಂದಲ, ಏಕೆಂದರೆ ನಿಲ್ಲದ ವಾಂತಿ ಡೆಂಗಿಯ ಎಚ್ಚರಿಕೆಯ ಚಿಹ್ನೆಗಳಲ್ಲಿ ಒಂದು. ವಾಂತಿ ರಸದ್ದೋ ರೋಗದ್ದೋ ಎಂದು ಆಮೇಲೆ ಯಾರು ಬಿಡಿಸಿ ಹೇಳುತ್ತಾರೆ?

ಬೀದರ್ ಐಸಿಯು · ಬೆಳಿಗ್ಗೆ 9:20

ಸಾಲದ ಮಾತು ಹಿಡಿಸಿತು. ಆದರೆ ಸಾಲ ಎತ್ತಲಾಗದವರೂ ಇದ್ದಾರೆ ಎಂಬುದು ನೆನಪಿರಲಿ. ಹೃದಯದ ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವ ಹೃದ್ರೋಗಿಗೆ ರಕ್ತ ಸೋರಿದರೂ ನಾಡಿ 78ರಲ್ಲೇ ಕುಳಿತಿರಬಹುದು. ಮೇಲಿನ ಬಿಪಿ ಸದಾ 170 ಇರುವವರಿಗೆ 115 ಎಂದರೆ ಸಹಜವಲ್ಲ, ಕುಸಿತ. ಮಾತ್ರೆಯ ಚೀಟಿ ನೋಡದೆ ನಾಡಿ ಓದಬಾರದು.

ನನ್ನದೂ ಒಂದು ತಪ್ಪು ಹೇಳಿಕೊಳ್ಳುತ್ತೇನೆ. ಆಗ ನಾನಿದ್ದ ಆಸ್ಪತ್ರೆ ಬೇರೆ. ಔರಾದ್ ಕಡೆಯ ಹೆಂಗಸು, ನಡುರಾತ್ರಿ ಮೂರು ಗಂಟೆ. 'ದಮ್ಮು ಹತ್ತಿದೆ' ಎಂದು ತಂದರು. ಉಸಿರು ನಿಮಿಷಕ್ಕೆ 36. ನಾನು ನೆಬ್ಯುಲೈಸರ್ ಹಚ್ಚಿದೆ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಹಚ್ಚಿದೆ. ದಮ್ಮು ಇಳಿಯಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಸಿಳ್ಳೆ ಇಲ್ಲ, ಹೊಸ ಬಿದಿರಿನ ಕೊಳವೆಯಂತೆ ಸ್ವಚ್ಛ. ಆಕ್ಸಿಜನ್ ಸ್ಯಾಚುರೇಷನ್ 98. ಕುತ್ತಿಗೆಯ ಸ್ನಾಯು ಎಳೆಯುತ್ತಿಲ್ಲ, ಒದ್ದಾಟವಿಲ್ಲ. ಯಾರೋ ತಿದಿ ಒತ್ತುತ್ತಿರುವ ಹಾಗೆ ಒಂದೇ ಲಯದಲ್ಲಿ ಆಳವಾಗಿ ಉಸಿರು ಬರುತ್ತಿತ್ತು. ಹತ್ತಿರ ಬಾಗಿದಾಗ ಬಾಯಿಂದ ಅತಿಯಾಗಿ ಮಾಗಿದ ಹಣ್ಣಿನ ವಾಸನೆ. ಸಕ್ಕರೆ 480. ಶ್ರಾವಣದ ಉಪವಾಸವೆಂದು ಒಂದು ವಾರದಿಂದ ಇನ್ಸುಲಿನ್ ಬಿಟ್ಟಿದ್ದರು. ಊಟವೇ ಇಲ್ಲದ ಮೇಲೆ ಸೂಜಿ ಯಾಕೆ ಎಂಬ ಲೆಕ್ಕ.

ಶ್ವಾಸಕೋಶ ಆರೋಗ್ಯವಾಗಿತ್ತು, ಅದು ಬೇರೆಯವರ ಕೆಲಸ ಮಾಡುತ್ತಿತ್ತು. ಇನ್ಸುಲಿನ್ ಇಲ್ಲದೆ ಕೊಬ್ಬು ಕರಗಿ ಕೀಟೋನ್ ಆಗುತ್ತದೆ. ಕೀಟೋನ್ ಆಮ್ಲ, ಅದನ್ನು ತಣಿಸಲು ಬೈಕಾರ್ಬೊನೇಟ್ ಖರ್ಚಾಗುತ್ತದೆ. ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಹೊರಹಾಕುವ ದಾರಿ ಉಸಿರೊಂದೇ. ಆ ಉಸಿರೇ ಅವರನ್ನು ಬದುಕಿಸಿತ್ತು. ನಾನು ಅದನ್ನು ರೋಗವೆಂದು ತಿಳಿದು ಇಳಿಸಲು ಹೊರಟಿದ್ದೆ. ಗಾಬರಿಗೆಂದು ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನೆನೆಯಲು ಮನಸ್ಸಾಗುವುದಿಲ್ಲ.

ಜೇವರ್ಗಿಯವಳು · ಬೆಳಿಗ್ಗೆ 10:00

ಇದನ್ನು ಓದಿ ಮೈ ಜುಮ್ಮೆಂದಿತು. ಒಂದು ಅನುಮಾನ. ಕೀಟೋಆಸಿಡೋಸಿಸ್‌ನಲ್ಲಿ, ಅಂದರೆ ಹೀಗೆ ರಕ್ತದಲ್ಲಿ ಕೀಟೋನ್ ಆಮ್ಲ ಏರಿದಾಗ, ದೇಹದ ಪೊಟ್ಯಾಸಿಯಂ ಕಡಿಮೆ ಎಂದು ಓದಿದ್ದೇನೆ. ನಾನು ನೋಡಿದ ರಕ್ತದ ವರದಿಗಳಲ್ಲಿ ಅದು 5ರ ಮೇಲೆ, ಅಂದರೆ ಹೆಚ್ಚೇ ಇರುತ್ತದೆ. ಯಾವುದನ್ನು ನಂಬಲಿ?

ಬೀದರ್ ಐಸಿಯು · ಬೆಳಿಗ್ಗೆ 10:25

ಎರಡನ್ನೂ. ಅವರದು ಬಂದಾಗ 5.6 ಇತ್ತು. ಇನ್ಸುಲಿನ್ ಶುರುವಾಗಿ ಎರಡು ಗಂಟೆಗೆ 3.4.

ಹಗೇವು ಗೊತ್ತಲ್ಲ, ಜೋಳ ತುಂಬಿಡುವ ನೆಲದ ಒಳಗಿನ ಕಣಜ. ಜೋಳವನ್ನೆಲ್ಲ ಹಗೇವಿನಿಂದ ತೆಗೆದು ಅಂಗಳದಲ್ಲಿ ಹರಡಿದ್ದೀರಿ ಎಂದುಕೊಳ್ಳಿ. ಹಿಂದಿನ ಬಾಗಿಲಿನಿಂದ ಚೀಲ ಚೀಲವಾಗಿ ಕಳ್ಳತನವಾಗುತ್ತಿದೆ. ದಾರಿಹೋಕನಿಗೆ ಅಂಗಳ ಮಾತ್ರ ಕಾಣುತ್ತದೆ: ಈ ಮನೆಯಲ್ಲಿ ಎಷ್ಟೊಂದು ಜೋಳ! ಹಗೇವು ಎಂದರೆ ಜೀವಕೋಶ, ಅಂಗಳ ಎಂದರೆ ರಕ್ತ, ಹಿಂದಿನ ಬಾಗಿಲು ಎಂದರೆ ಸಕ್ಕರೆಯ ಜೊತೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗುವ ಮೂತ್ರ. ಇನ್ಸುಲಿನ್ ಕೊಟ್ಟ ಕೂಡಲೇ ಅಳಿದುಳಿದ ಜೋಳ ಹಗೇವಿಗೆ ಮರಳುತ್ತದೆ, ಅಂಗಳ ಬರಿದಾಗುತ್ತದೆ. ಹೃದಯದ ಲಯ ಅಂಗಳವನ್ನು ನಂಬಿಕೊಂಡಿದೆ. ಅದಕ್ಕೇ ಪೊಟ್ಯಾಸಿಯಂ ನೋಡದೆ ಇನ್ಸುಲಿನ್ ಡ್ರಿಪ್ ಹಚ್ಚಬಾರದು. ಅದು ಮೊದಲೇ 3.5ಕ್ಕಿಂತ ಕೆಳಗಿದ್ದರೆ ಮೊದಲು ಪೊಟ್ಯಾಸಿಯಂ, ಆಮೇಲೆ ಇನ್ಸುಲಿನ್.

ಒಳಗಿನ ಆಮ್ಲವೇ ಪೊಟ್ಯಾಸಿಯಂ ಅನ್ನು ಕೋಶದಿಂದ ಹೊರದಬ್ಬುತ್ತದೆ, ಅದರಿಂದ ಈ ಆಟ.

ಪಾಠದ ಮೇಷ್ಟ್ರು · ಬೆಳಿಗ್ಗೆ 11:10

ಹಗೇವಿನ ಹೋಲಿಕೆಯನ್ನು ನಾಳೆಯೇ ತರಗತಿಯಲ್ಲಿ ಕದಿಯುತ್ತೇನೆ. ಕೊನೆಯ ಸಾಲನ್ನು ಮಾತ್ರ ತಿದ್ದಬೇಕು. ಆಮ್ಲವೇ ದಬ್ಬುತ್ತದೆ ಎಂಬುದು ಹಳೆಯ ನೋಟ್ಸುಗಳಿಂದ ನೋಟ್ಸುಗಳಿಗೆ ಇಳಿದು ಬಂದ ಮಾತು. ಕೀಟೋನ್‌ನಂಥ ಸಾವಯವ ಆಮ್ಲಗಳಲ್ಲಿ ಅದರ ಪಾಲು ಸಣ್ಣದು. ಮುಖ್ಯ ಕಾರಣ ಎರಡು: ಹಗೇವಿಗೆ ಜೋಳ ತುಂಬುವ ಆಳೇ, ಅಂದರೆ ಇನ್ಸುಲಿನ್, ಇಲ್ಲದಿರುವುದು, ಮತ್ತು ಸಕ್ಕರೆಯಿಂದ ರಕ್ತ ಸಾಂದ್ರವಾಗಿ ಕೋಶದ ನೀರನ್ನು ಎಳೆದುಕೊಳ್ಳುವಾಗ ಪೊಟ್ಯಾಸಿಯಂ ಕೂಡ ಜೊತೆಗೆ ಬರುವುದು. ಪರೀಕ್ಷೆಯಲ್ಲಿ ಎರಡನ್ನೂ ಬರೆದರೆ ಅಂಕ ಕೊಡುತ್ತೇನೆ, ನಾನು ಪಾಪದವನು.

ಸೇಡಂ ರಸ್ತೆ · ಮಧ್ಯಾಹ್ನ 1:30

ರಕ್ತಹೀನತೆಯ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ನಮ್ಮ ಜಿಲ್ಲೆಗಳಲ್ಲಿ ನಾವು ದಿನವೂ ನೋಡುವುದು ಅದನ್ನೇ. ದಿನವೂ ನೋಡುವುದರಿಂದ ಅದು ರೋಗವೇ ಅಲ್ಲ ಎಂಬಂತಾಗಿದೆ.

ಹೋದ ಚಳಿಗಾಲ, ತೊಗರಿ ಕಟಾವಿನ ಸಮಯ. ಮೂವತ್ತನಾಲ್ಕು ವರ್ಷದ ಹೆಂಗಸು ಹೊಲದಿಂದ ನೇರವಾಗಿ ಆರೋಗ್ಯ ಕೇಂದ್ರಕ್ಕೆ ನಡೆದು ಬಂದರು. ಸೆರಗಿನಲ್ಲಿ ತೊಗರಿಯ ಒಣ ಎಲೆಗಳು ಇನ್ನೂ ಅಂಟಿಕೊಂಡಿದ್ದವು. 'ಸ್ವಲ್ಪ ಸುಸ್ತು' ಎಂದರು. ಹಿಮೋಗ್ಲೋಬಿನ್ 4.8. ಯಂತ್ರ ಕೆಟ್ಟಿದೆ ಎಂದು ಇನ್ನೊಮ್ಮೆ ನೋಡಿದೆವು. ಅದೇ 4.8. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ ನನ್ನ ಜೊತೆಯವಳು '99 ಇದೆ, ಆಕ್ಸಿಜನ್ ಚೆನ್ನಾಗಿದೆ' ಎಂದಳು.

ಸೇಡಂ ಬಸ್ಸುಗಳು ಎಲ್ಲವೂ ತುಂಬಿ ಬರುತ್ತವೆ ಎಂದುಕೊಳ್ಳಿ. ತುಂಬಿವೆ ಎಂದರೆ ಊರಿಗೆ ಬೇಕಾದಷ್ಟು ಜನ ಬಂದಿಳಿದರು ಎಂದಲ್ಲ, ಓಡುತ್ತಿರುವುದೇ ಮೂರು ಬಸ್ಸು. ಸ್ಯಾಚುರೇಷನ್ ಹೇಳುವುದು ಬಸ್ಸು ಎಷ್ಟು ತುಂಬಿದೆ ಎಂದು, ಎಷ್ಟು ಬಸ್ಸಿವೆ ಎಂದಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ ಹೊರುತ್ತದೆ. 14 ಇರುವವರ ಒಂದು ಡೆಸಿಲೀಟರ್ ರಕ್ತ ಸುಮಾರು 19 ಮಿಲಿ ಹೊತ್ತರೆ ಇವರದು ಆರೂವರೆಗೂ ಏಳಲಿಲ್ಲ. ಮೂರರಲ್ಲಿ ಒಂದು ಪಾಲು.

ಹಾಗಾದರೆ ನಡೆದು ಬಂದದ್ದು ಹೇಗೆ? ತಿಂಗಳುಗಟ್ಟಲೆ ನಿಧಾನವಾಗಿ ಇಳಿದದ್ದರಿಂದ ದೇಹ ಹೊಂದಿಕೊಂಡಿತ್ತು. ಕೆಂಪುಕಣದ ಒಳಗೆ 2,3-ಡಿಪಿಜಿ ಎಂಬ ರಾಸಾಯನಿಕ ಹೆಚ್ಚಾಗಿ ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಅಂಗಾಂಶಗಳಿಗೆ ಸಲೀಸಾಗಿ ಬಿಟ್ಟುಕೊಡುತ್ತಿತ್ತು. ಹೃದಯ ವೇಗವಾಗಿ ಹೆಚ್ಚು ರಕ್ತ ತಳ್ಳುತ್ತಿತ್ತು, ಇದ್ದ ಮೂರು ಬಸ್ಸಿಗೇ ಹತ್ತು ಟ್ರಿಪ್. ಸಿಸ್ಟರ್ ಕೇಳಿದ ಹಾಗೆ ಕೇಳಿದರೆ, ಇಲ್ಲಿ ದುಡ್ಡು ಕೊಟ್ಟದ್ದು ಹೃದಯ.

ಇಲ್ಲಿಯೇ ಮೋಸ ಹೋಗುವುದು. ರಕ್ತ ಕಡಿಮೆ ಎಂದು ಎರಡು ಬಾಟಲಿಯನ್ನು ಸರಸರ ಬಿಟ್ಟರೆ, ಮೊದಲೇ ತುಂಬಿಕೊಂಡು ದುಡಿಯುತ್ತಿದ್ದ ಹೃದಯಕ್ಕೆ ತಡೆಯಲಾಗುವುದಿಲ್ಲ, ನೀರು ಶ್ವಾಸಕೋಶಕ್ಕೆ ಏರುತ್ತದೆ. ಅವರಿಗೆ ರಕ್ತ ಬಹಳ ನಿಧಾನವಾಗಿ ಹೋಯಿತು, ಪಕ್ಕದಲ್ಲಿ ಒಬ್ಬರು ಕುಳಿತೇ ಇದ್ದರು. ಅಷ್ಟಾದರೂ ಅವರ ಚಿಂತೆಯೆಲ್ಲ ಅಂದಿನ ಕೂಲಿಯದು.

ಸುರಪುರದ ಸ್ಟಾಫ್ · ಮಧ್ಯಾಹ್ನ 2:45

ಎದ್ದೆ. ಜಗಳಕ್ಕೆ ಸಿದ್ಧನಿದ್ದೆ, ಆದರೆ ಬಸ್ಸಿನ ಲೆಕ್ಕ ಓದಿ ಸುಮ್ಮನಾದೆ. ಇನ್ನು ಮೇಲೆ 99 ನೋಡಿದಾಗ ಕಣ್ಣಿನ ಕೆಳರೆಪ್ಪೆ ಎಳೆದೂ ನೋಡುತ್ತೇನೆ.

ಹೃದಯದ ಮಾತು ಬಂದದ್ದಕ್ಕೆ: ಕಾಲು ಊದಿದ ಹೃದ್ರೋಗಿಗಳಿಗೆ ಉಪ್ಪು ಬಿಡಿ ಎಂದರೆ 'ಸಾರಿಗೆ ಉಪ್ಪೇ ಹಾಕುವುದಿಲ್ಲ' ಎನ್ನುತ್ತಾರೆ. ತಟ್ಟೆ ನೋಡಿದರೆ ಜೋಳದ ರೊಟ್ಟಿಯ ಪಕ್ಕ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ. ಅವರ ಲೆಕ್ಕದಲ್ಲಿ ಅವು ಉಪ್ಪಲ್ಲ.

ಪಾಠದ ಮೇಷ್ಟ್ರು · ಮಧ್ಯಾಹ್ನ 3:05

ಅಲ್ಲಿ ಮೋಸ ಹೋಗಿರುವುದು ಮೂತ್ರಪಿಂಡ. ಹೃದಯ ತಳ್ಳುವುದು ಕಡಿಮೆಯಾದಾಗ ಅದಕ್ಕೆ ಬರುವ ರಕ್ತ ಕಡಿಮೆ. ಊರಿಗೆ ಬರಗಾಲ ಬಂದಿದೆ ಎಂದೇ ಅದು ತಿಳಿಯುತ್ತದೆ. ರೆನಿನ್, ಆಂಜಿಯೊಟೆನ್ಸಿನ್, ಆಲ್ಡೊಸ್ಟಿರೋನ್ ಎಂಬ ರಾಸಾಯನಿಕಗಳ ಸರಪಳಿ ಎಚ್ಚರವಾಗಿ ಉಪ್ಪು, ನೀರನ್ನು ಹಿಡಿದಿಡುತ್ತದೆ. ಕಾಲಿನಲ್ಲಿ ನೆರೆ ಬಂದಿದೆ, ಮೂತ್ರಪಿಂಡಕ್ಕೆ ಬರಗಾಲ. ದಿನವೂ ಒಂದೇ ಹೊತ್ತಿಗೆ ತೂಕ ನೋಡಿ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಅದು ರೊಟ್ಟಿಯ ತೂಕವಲ್ಲ, ಎರಡು ಲೀಟರ್ ನೀರು.

ಶಹಾಬಾದ್ ಬಿಸಿಲು · ಸಂಜೆ 5:40

ಕಲ್ಲಿನ ಗಣಿ ಕಡೆಯವನು. ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಬಿಸಿಲು ಬಡಿದು ಬಿದ್ದವನಿಗೆ ಮೊದಲು ಪ್ಯಾರಾಸಿಟಮಾಲ್ ಕೊಟ್ಟು ಆಮೇಲೆ ಕಳುಹಿಸಿದರೆ ಸಾಕಲ್ಲವೇ? ಮೈ ಸುಡುತ್ತಿರುತ್ತದೆ, ಜ್ವರ ಜ್ವರವೇ ತಾನೇ?

ಹಳೆಯ ಸಿಸ್ಟರ್ · ಸಂಜೆ 6:00

ಇಲ್ಲ. ದಯವಿಟ್ಟು ಇದನ್ನು ನಿಮ್ಮ ಗಣಿಯ ಎಲ್ಲರಿಗೂ ಹೇಳಿ.

ಜ್ವರದಲ್ಲಿ ಮಿದುಳೇ 'ಇನ್ನಷ್ಟು ಬಿಸಿ ಬೇಕು' ಎಂದು ಆಜ್ಞೆ ಮಾಡಿರುತ್ತದೆ. ಉಷ್ಣತೆ ನೋಡಿಕೊಳ್ಳುವ ಹೈಪೋಥಲಾಮಸ್ ಎಂಬ ಮಿದುಳಿನ ಭಾಗದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಾಗಿ ಗುರಿಯ ಅಂಕಿ ಮೇಲೇರಿರುತ್ತದೆ, ಅದಕ್ಕೇ ಮೈ ಸುಡುತ್ತಿದ್ದರೂ ರೋಗಿ ಕಂಬಳಿ ಕೇಳುತ್ತಾನೆ. ಪ್ಯಾರಾಸಿಟಮಾಲ್ ಆ ಆಜ್ಞೆಯನ್ನು ಹಿಂದಕ್ಕೆ ಪಡೆಯುತ್ತದೆ. ಬಿಸಿಲು ಬಡಿದವನ ಮಿದುಳು ಅಂಥ ಆಜ್ಞೆ ಮಾಡಿಯೇ ಇಲ್ಲ, 37 ಡಿಗ್ರಿ ಸೆಲ್ಸಿಯಸ್ಸನ್ನೇ ಬೇಡುತ್ತಿದೆ, ದೇಹಕ್ಕೆ ಬಿಸಿ ಕಳೆಯಲು ಆಗುತ್ತಿಲ್ಲ. ಹಿಂದಕ್ಕೆ ಪಡೆಯಲು ಆಜ್ಞೆಯೇ ಇಲ್ಲದಿದ್ದರೆ ಮಾತ್ರೆ ಏನು ಮಾಡೀತು? ಯಕೃತ್ತು ಆಗಲೇ ಬೆಂದಿರುತ್ತದೆ, ಅದಕ್ಕೆ ಇನ್ನೊಂದು ಹೊರೆ, ಅಷ್ಟೆ.

ಒಳಗಿನ ಉಷ್ಣತೆ 40 ದಾಟಿ ಮಾತು ತಡವರಿಸಿತೋ, ಅಲ್ಲಿಯೇ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿ. ಗಾಡಿಗೆ ಫೋನ್ ಮಾಡಿ, ಆದರೆ ಅದು ಬರುವ ತನಕ ಕೈಕಟ್ಟಿ ನಿಲ್ಲಬೇಡಿ. ಬೆವರು ಇದೆ, ಹಾಗಾಗಿ ಬಿಸಿಲು ಬಡಿದದ್ದಲ್ಲ ಎಂದೂ ವಾದಿಸಬೇಡಿ. ದುಡಿಯುತ್ತಲೇ ಬಿದ್ದವನಿಗೆ ಬೆವರು ಇನ್ನೂ ಇರಬಹುದು.

ಬೀದರ್ ಐಸಿಯು · ಸಂಜೆ 6:30

ಅಲ್ಲಿಯೂ ಸಾಲವಿದೆ ಸಿಸ್ಟರ್. ಬಿಸಿ ಕಳೆಯಲು ರಕ್ತವೆಲ್ಲ ಚರ್ಮಕ್ಕೆ ಓಡುತ್ತದೆ, ಕರುಳಿಗೆ ಬರ. ಕರುಳಿನ ಗೋಡೆ ಸಡಿಲವಾಗಿ ಒಳಗಿನ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರುತ್ತದೆ. ಮೈ ತಣ್ಣಗಾಯಿತು ಎಂದು ನಿಟ್ಟುಸಿರು ಬಿಟ್ಟ ಮರುದಿನ ಯಕೃತ್ತು, ಮೂತ್ರಪಿಂಡ ಕೈಕೊಡುವುದನ್ನು ನೋಡಿದ್ದೇನೆ. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗುತ್ತಿದೆ ಎಂದು ತಿಳಿದು ಕೂಡಲೇ ಹೇಳಬೇಕು. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಹೊರಹಾಕಬೇಕಾದ ಕಸ, ಏರಲಿ ಎಂದು ಕಾಯಬಾರದು, ಮೂತ್ರಪಿಂಡದ ಶಕ್ತಿ ಅರ್ಧಕ್ಕೆ ಇಳಿಯುವವರೆಗೂ ಆ ಅಂಕಿ ಬಾಯಿ ಬಿಡದೇ ಇರಬಹುದು.

ಜೇವರ್ಗಿಯವಳು · ಮರುದಿನ ಬೆಳಿಗ್ಗೆ 8:10

ನಿನ್ನೆ ರಾತ್ರಿ ಪಾಳಿ ಇತ್ತು. ಜ್ವರ ಬಿಟ್ಟ ಡೆಂಗಿಯವರು ಮೂವರು. ಮೂರನೆಯವರು ಎಪ್ಪತ್ತು ದಾಟಿದ ಅಜ್ಜ, ಆಳಂದ ಕಡೆಯವರು. ನಾನು ಹೊದಿಕೆ ಸರಿಸಿ ಪಾದಕ್ಕೆ ಕೈ ಇಟ್ಟೆ. ಅಜ್ಜ ದಡಬಡಿಸಿ ಎದ್ದು ಕುಳಿತು, ಕಾಲು ಹಿಂದಕ್ಕೆ ಎಳೆದುಕೊಂಡು, 'ಬೇಡ ತಾಯಿ, ನೀನು ನನ್ನ ಕಾಲಿಗೆ ಬೀಳಬಾರದು' ಎಂದರು. ಬೀಳುತ್ತಿಲ್ಲ ಅಜ್ಜ, ತಣ್ಣಗಿದೆಯೋ ಬೆಚ್ಚಗಿದೆಯೋ ನೋಡುತ್ತಿದ್ದೇನೆ ಎಂದೆ. ಅವರು ಒಪ್ಪಲಿಲ್ಲ. ತಲೆಯ ಮೇಲೆ ಕೈ ಇಟ್ಟು ಆಶೀರ್ವಾದ ಮಾಡಿದ ಮೇಲೆಯೇ ಕಾಲು ಕೊಟ್ಟರು.

ಬೆಚ್ಚಗಿತ್ತು. ಉಗುರಿನ ಬಣ್ಣ ಎರಡು ಎಣಿಸುವ ಮೊದಲೇ ಬಂತು. ಬಿಪಿ 118/76. ಪಟ್ಟಿಯಲ್ಲಿ ಪಾದಕ್ಕೆಂದು ಅಂಕಣ ಇಲ್ಲ, ಅಂಚಿನಲ್ಲಿ ಬರೆದೆ.

ಹಳೆಯ ಸಿಸ್ಟರ್ · ಬೆಳಿಗ್ಗೆ 8:25

ಅಂತರ 42. ನಾಡಿ ಎಷ್ಟಿತ್ತು, ಅದನ್ನು ಹೇಳಲೇ ಇಲ್ಲ?

ಜೇವರ್ಗಿಯವಳು · ಬೆಳಿಗ್ಗೆ 8:27

84. ಮಾತ್ರೆಯ ಚೀಟಿಯನ್ನೂ ನೋಡಿದೆ, ಬೀಟಾ ಬ್ಲಾಕರ್ ಇಲ್ಲ.